ಹೆಡ್‌ಸೆಟ್ ಹಾಕಿಕೊಂಡರೆ ಇನ್ನೊಬ್ಬರ ಕಷ್ಟ ಗೊತ್ತಾಗುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಬೆಂಗಳೂರಿನ ಐದು ಜನ. ಒಬ್ಬೊಬ್ಬರದು ಒಂದೊಂದು ಕೆಲಸ. ಬಿಡುವಿದ್ದಾಗ ಮೂರು ವಿಆರ್ ಹೆಡ್‌ಸೆಟ್‌ಗಳನ್ನು ಬ್ಯಾಗಿಗೆ ಹಾಕಿಕೊಂಡು ಶಾಲೆ, ಅಪಾರ್ಟ್‌ಮೆಂಟ್, ಆಫೀಸುಗಳಿಗೆ ಹೋಗುತ್ತೇವೆ. ನಾವೇ ತೆಗೆದ ಎರಡು ಚಿಕ್ಕ ಚಿತ್ರ ತೋರಿಸುತ್ತೇವೆ. ಒಂದರಲ್ಲಿ ಬೆಳಗಿನ ಜಾವ ರಸ್ತೆ ಗುಡಿಸುವ ಒಬ್ಬ ಅಕ್ಕ ಇದ್ದಾರೆ. ಇನ್ನೊಂದರಲ್ಲಿ ವೀಲ್‌ಚೇರ್‌ನಲ್ಲಿ ಕಾಲೇಜಿಗೆ ಹೋಗುವ ಒಬ್ಬ ಹುಡುಗ. ಚಿತ್ರ ಏಳು ನಿಮಿಷ, ಆಮೇಲಿನ ಮಾತು ಅರ್ಧ ಗಂಟೆ. ಆ ಇಬ್ಬರಲ್ಲಿ ಒಬ್ಬರಾದರೂ ನಮ್ಮ ಜೊತೆ ಬಂದಿರುತ್ತಾರೆ. ಹೋದಲ್ಲೆಲ್ಲ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ವಿಆರ್ ಅಂದರೆ ಏನು? ಫೋನಿನಲ್ಲಿ ವಿಡಿಯೊ ನೋಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ವಿಆರ್ ಅಂದರೆ ವರ್ಚುವಲ್ ರಿಯಾಲಿಟಿ. ಕಣ್ಣಿನ ಮುಂದೆ ಎರಡು ಲೆನ್ಸ್, ಅದರ ಹಿಂದೆ ಪರದೆ. ನೀವು ತಲೆ ತಿರುಗಿಸಿದರೆ ಒಳಗಿರುವ ಸೆನ್ಸರ್‌ಗೆ ಅದು ತಿಳಿಯುತ್ತದೆ. ಚಿತ್ರವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಎಡಕ್ಕೆ ತಿರುಗಿದರೆ ಎಡಗಡೆಯ ಮನೆ, ಮೇಲೆ ನೋಡಿದರೆ ಮರದ ಕೊಂಬೆ, ಹಿಂದೆ ತಿರುಗಿದರೆ ನಿಮ್ಮ ಹಿಂದೆಯೇ ಬಂದು ನಿಂತ ಆಟೊ. ಫೋನಿನಲ್ಲಿ ನೋಡುವಾಗ ನಾನು ಇಲ್ಲಿದ್ದೇನೆ, ಅದು ಅಲ್ಲಿದೆ ಅನ್ನಿಸುತ್ತದೆ. ಇಲ್ಲಿ ನಾನೇ ಅಲ್ಲಿದ್ದೇನೆ ಅನ್ನಿಸುತ್ತದೆ. ಇದರ ಶಕ್ತಿಯೆಲ್ಲ ಇರುವುದು ಅಲ್ಲೇ.

ಇದು ಹೊಸದೇನಲ್ಲ. 1968ರಲ್ಲೇ ಅಮೆರಿಕದ ಇವಾನ್ ಸದರ್‌ಲ್ಯಾಂಡ್ ತಲೆಗೆ ಹಾಕಿಕೊಳ್ಳುವ ಇಂಥದ್ದೊಂದು ಯಂತ್ರ ಮಾಡಿದ್ದರು. ಅದನ್ನು ಛಾವಣಿಯಿಂದ ಇಳಿಬಿಟ್ಟಿದ್ದರು. ನಮ್ಮಂಥವರ ಕೈಗೆ ಬಂದಿದ್ದು 2014ರ ಆಚೀಚೆ. ಆ ವರ್ಷ ಫೇಸ್‌ಬುಕ್ ಕಂಪನಿ ವಿಆರ್ ಹೆಡ್‌ಸೆಟ್ ಮಾಡುವ ಆಕ್ಯುಲಸ್ ಕಂಪನಿಯನ್ನು ಸುಮಾರು 200 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ಅದೇ ವರ್ಷ ಗೂಗಲ್ ರಟ್ಟಿನ ಕಾರ್ಡ್‌ಬೋರ್ಡ್ ಬಿಟ್ಟಿತು. ಅದರೊಳಗೆ ಫೋನ್ ಸಿಕ್ಕಿಸಿದರೆ ಸಾಕು.

ನಾವು ತೋರಿಸುವುದು 360 ಡಿಗ್ರಿ ವಿಡಿಯೊ. ಕುಳಿತಲ್ಲೇ ಸುತ್ತ ನೋಡಬಹುದು, ಎದ್ದು ಓಡಾಡಲು ಆಗುವುದಿಲ್ಲ. ಓಡಾಡಬೇಕೆಂದರೆ ಕಂಪ್ಯೂಟರಿನಲ್ಲಿ ಇಡೀ ಜಗತ್ತನ್ನೇ ಕಟ್ಟಬೇಕು. ನಮ್ಮ ಅಕ್ಕನನ್ನು ಗೊಂಬೆ ಮಾಡಿ ತೋರಿಸುವ ಮನಸ್ಸು ನಮಗಿಲ್ಲ.

ಎಂಪಥಿ ಅನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳುತ್ತೀರಿ?

ಪುಸ್ತಕಗಳಲ್ಲಿ ಅನುಭೂತಿ, ಸಹಾನುಭೂತಿ ಎಂದೆಲ್ಲ ಇದೆ. ಮಕ್ಕಳ ಮುಂದೆ ಹಾಗೆ ಹೇಳಿದರೆ ಮುಖ ನೋಡುತ್ತಾರೆ. ಕನಿಕರ, ಮರುಕ ಅಂದರೆ ಅರ್ಥವಾಗುತ್ತದೆ. ಆದರೆ ಅದು ಮೇಲಿನವರು ಕೆಳಗಿನವರಿಗೆ ತೋರಿಸುವಂಥದ್ದು, ನಮಗೆ ಬೇಕಾದದ್ದು ಅದಲ್ಲ. ನಾನು ಹೇಳುವುದು ಪರಕಾಯ ಪ್ರವೇಶ. ಇಂಗ್ಲಿಷಿನ ಎಂಪಥಿ ಅನ್ನುವ ಪದವೂ ಹಳೆಯದಲ್ಲ. 1909ರಲ್ಲಿ ಎಡ್ವರ್ಡ್ ಟಿಚನರ್ ಎಂಬ ಮನಶ್ಶಾಸ್ತ್ರಜ್ಞರು ಜರ್ಮನ್ ಪದವೊಂದಕ್ಕೆ ಬದಲಾಗಿ ಅದನ್ನು ಬಳಕೆಗೆ ತಂದರು. ಆ ಜರ್ಮನ್ ಪದಕ್ಕೂ ಒಳಹೊಕ್ಕು ಅನುಭವಿಸುವುದು ಎಂದೇ ಅರ್ಥ.

ಪರಕಾಯ ಪ್ರವೇಶದ ಕಥೆಗಳಲ್ಲಿ ಒಂದು ವಿಷಯ ಗಮನಿಸಿದ್ದೀರಾ? ಬೇರೆಯವರ ದೇಹ ಹೊಕ್ಕವನ ಸ್ವಂತ ದೇಹ ಎಲ್ಲೋ ಗುಹೆಯಲ್ಲಿ ಜೋಪಾನವಾಗಿರುತ್ತದೆ. ಶಿಷ್ಯರು ಕಾಯುತ್ತಿರುತ್ತಾರೆ. ಅವನು ಬೇಕೆಂದಾಗ ವಾಪಸ್ ಬರಬಹುದು. ವಿಆರ್‌ನಲ್ಲೂ ಹಾಗೇ. ನಿಮ್ಮ ಚಪ್ಪಲಿ ಬಾಗಿಲ ಹತ್ತಿರ ಇದೆ, ಕಾಫಿ ಪಕ್ಕದ ಮೇಜಿನ ಮೇಲಿದೆ. ಏಳು ನಿಮಿಷದ ನಂತರ ನೀವು ನೀವೇ. ಅಕ್ಕ ಮಾತ್ರ ಮರುದಿನ ನಾಲ್ಕು ಗಂಟೆಗೆ ಮತ್ತೆ ಏಳಬೇಕು. ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞ ಪಾಲ್ ಬ್ಲೂಮ್ 2017ರಲ್ಲಿ ಹೆಚ್ಚುಕಡಿಮೆ ಇದೇ ಆಕ್ಷೇಪ ಎತ್ತಿದರು. ನಿರಾಶ್ರಿತರ ಸಂಕಟ ಇರುವುದು ಶಿಬಿರ ಕಣ್ಣಿಗೆ ಹೇಗೆ ಕಾಣುತ್ತದೆ ಅನ್ನುವುದರಲ್ಲಿ ಅಲ್ಲ. ಭಯದಲ್ಲಿ, ಮನೆ ಬಿಟ್ಟು ಬಂದಿದ್ದರಲ್ಲಿ, ಮುಂದೇನು ಅನ್ನುವ ಚಿಂತೆಯಲ್ಲಿ. ಅದನ್ನು ಹೆಡ್‌ಸೆಟ್ ಕೊಡಲಾರದು ಎಂದರು. ಅವರ ಮಾತು ಸರಿ ಅಂತ ನನಗೂ ಅನ್ನಿಸುತ್ತದೆ. ಆದರೂ ಈ ಕೆಲಸ ಬಿಟ್ಟಿಲ್ಲ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ವಿಆರ್‌ನಿಂದ ಅಂತಃಕರಣ ಬೆಳೆಯುತ್ತದೆ ಅನ್ನುವ ಮಾತು ಶುರುವಾಗಿದ್ದು ಎಲ್ಲಿ?

ಅಮೆರಿಕದ ಪತ್ರಕರ್ತೆ ನೋನಿ ಡೆ ಲಾ ಪೆನ್ಯಾ 2012ರಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಒಂದು ವಿಆರ್ ದೃಶ್ಯ ತೋರಿಸಿದರು. ಲಾಸ್ ಏಂಜಲಿಸ್‌ನಲ್ಲಿ ಉಚಿತ ಊಟಕ್ಕೆ ಸಾಲು ನಿಂತಿದೆ. ಸಾಲಿನಲ್ಲಿದ್ದ ಸಕ್ಕರೆ ಕಾಯಿಲೆಯ ಒಬ್ಬರು ಕುಸಿದು ಬೀಳುತ್ತಾರೆ. ನೋಡುತ್ತಿದ್ದವರಲ್ಲಿ ಕೆಲವರು ಅವರನ್ನು ಹಿಡಿಯಲು ನೆಲಕ್ಕೆ ಬಗ್ಗಿದರು. ಅಲ್ಲಿ ಯಾರೂ ಇರಲಿಲ್ಲ, ಬರೀ ನೆಲ.

2015ರಲ್ಲಿ ವಿಶ್ವಸಂಸ್ಥೆಯ ಜೊತೆ ಸೇರಿ ಕ್ರಿಸ್ ಮಿಲ್ಕ್ ಮತ್ತು ಗ್ಯಾಬೊ ಅರೋರಾ ಅವರು ಜೋರ್ಡಾನಿನ ಜಾತಾರಿ ನಿರಾಶ್ರಿತರ ಶಿಬಿರದ ಬಗ್ಗೆ 360 ಡಿಗ್ರಿ ಚಿತ್ರ ಹೊರತಂದರು. 12 ವರ್ಷದ ಸಿರಿಯಾದ ಹುಡುಗಿಯೊಬ್ಬಳು ತನ್ನ ದಿನಚರಿ ಹೇಳುತ್ತಾಳೆ. ಅದನ್ನು ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ನಡೆಯುವ ವಿಶ್ವ ಆರ್ಥಿಕ ಸಭೆಯಲ್ಲಿ ದೊಡ್ಡ ದೊಡ್ಡವರಿಗೆ ತೋರಿಸಿದರು. ಅದೇ ವರ್ಷ ಮಿಲ್ಕ್ ಒಂದು ಭಾಷಣದಲ್ಲಿ ವಿಆರ್ ಅನ್ನು ಅನುಭೂತಿಯ ಯಂತ್ರ ಎಂದು ಕರೆದರು. ಆ ಮಾತು ಜಗತ್ತೆಲ್ಲ ಹಬ್ಬಿತು. ನಾವೂ ಮೊದಮೊದಲು ಅದನ್ನೇ ನಂಬಿದ್ದೆವು.

ಹಾಗಾದರೆ ನಿಜವಾಗಿ ಕೆಲಸ ಮಾಡುತ್ತದಾ, ಇಲ್ಲವಾ?

ಸ್ವಲ್ಪ ಮಾಡುತ್ತದೆ. ಎಲ್ಲಿ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಅನ್ನುವುದು ಮುಖ್ಯ. ಅದಕ್ಕೇ ಇದನ್ನು ನಿಧಾನವಾಗಿ ಹೇಳುತ್ತೇನೆ.

ಮೊದಲು ಒಳ್ಳೆಯ ಸುದ್ದಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜೆರೆಮಿ ಬೈಲೆನ್ಸನ್ ಅವರ ಪ್ರಯೋಗಾಲಯವಿದೆ. ಅಲ್ಲಿನವರು ಮನೆ ಕಳೆದುಕೊಳ್ಳುವ ಅನುಭವವನ್ನು ವಿಆರ್‌ನಲ್ಲಿ ಕಟ್ಟಿದರು. ಕೆಲಸ ಹೋಗುತ್ತದೆ. ಬಾಡಿಗೆ ಕಟ್ಟಲು ಮನೆಯ ಸಾಮಾನು ಒಂದೊಂದೇ ಮಾರಬೇಕು. ಕೊನೆಗೆ ರಾತ್ರಿ ಬಸ್ಸಿನಲ್ಲಿ ಕೂತು ಬ್ಯಾಗ್ ಕಾಯಬೇಕು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. 500ಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. ಕಡಿಮೆ ಬೆಲೆಯ ಮನೆಗಳಿಗಾಗಿ ಒಂದು ಮನವಿಗೆ ಸಹಿ ಕೇಳಿದಾಗ ವಿಆರ್ ನೋಡಿದವರಲ್ಲಿ 82% ಜನ ಸಹಿ ಹಾಕಿದರು. ಅದೇ ಕಥೆ ಓದಿದವರಲ್ಲಿ 67%. ಎಂಟು ವಾರ ಆದ ಮೇಲೂ ವಿಆರ್ ನೋಡಿದವರ ಮನಸ್ಸಿನಲ್ಲಿ ಮನೆಯಿಲ್ಲದವರ ಬಗ್ಗೆ ಒಳ್ಳೆಯ ಭಾವನೆ ಜಾಸ್ತಿ ಉಳಿದಿತ್ತು.

ಈಗ ಇನ್ನೊಂದು ಮುಖ. 2021ರಲ್ಲಿ ಕೆಲವು ಸಂಶೋಧಕರು ಇಂಥ 43 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅವರಿಗೆ ಕಂಡಿದ್ದು ಇದು. ವಿಆರ್‌ನಿಂದ ಎದೆ ಕರಗುತ್ತದೆ, ಕರುಳು ಚುರ್ ಅನ್ನುತ್ತದೆ. ಆದರೆ ಎದುರಿನವರು ಏನು ಯೋಚಿಸುತ್ತಿದ್ದಾರೆ, ಅವರಿಗೆ ಏನು ಬೇಕು ಎಂದು ಅರ್ಥ ಮಾಡಿಕೊಳ್ಳುವ ಶಕ್ತಿ ಬೆಳೆಯುವುದಿಲ್ಲ. ಕಥೆ ಓದುವುದು, ಕಲ್ಪಿಸಿಕೊಳ್ಳುವುದು ಮುಂತಾದ ಸಾದಾ ದಾರಿಗಳಿಗಿಂತ ವಿಆರ್ ಮೇಲು ಅಂತಲೂ ಕಾಣಲಿಲ್ಲ. ಅವರು ಕೊಟ್ಟ ಕಾರಣ ನನಗೆ ಸರಿ ಅನ್ನಿಸಿತು. ಕಥೆ ಓದುವಾಗ ನಾವೇ ತಲೆಯಲ್ಲಿ ಚಿತ್ರ ಕಟ್ಟಬೇಕು, ಶ್ರಮ ಪಡಬೇಕು. ವಿಆರ್ ಎಲ್ಲವನ್ನೂ ಕಟ್ಟಿ ಕೈಗೆ ಕೊಡುತ್ತದೆ. ತಲೆಗೆ ಕೆಲಸವೇ ಉಳಿಯುವುದಿಲ್ಲ.

ಬೇರೆಯವರ ದೇಹವನ್ನೇ ಕೊಟ್ಟು ನೋಡಿದ ಪ್ರಯೋಗಗಳೂ ಇವೆ. 2013ರಲ್ಲಿ ಬಾರ್ಸಿಲೋನಾದ ಮೆಲ್ ಸ್ಲೇಟರ್ ಅವರ ತಂಡ ಬಿಳಿಯರಿಗೆ ವಿಆರ್ ಕನ್ನಡಿಯಲ್ಲಿ ಕಪ್ಪು ದೇಹ ಕೊಟ್ಟಿತು. ಅವರೊಳಗಿನ ಬಣ್ಣದ ಪೂರ್ವಗ್ರಹ ಸ್ವಲ್ಪ ಕಡಿಮೆಯಾಯಿತು. ಆದರೆ 2009ರ ಒಂದು ಅಧ್ಯಯನದಲ್ಲಿ ಇಂಥದ್ದೇ ದೇಹ ಕೊಟ್ಟು ಕೆಲಸದ ಸಂದರ್ಶನಕ್ಕೆ ಕೂರಿಸಿದಾಗ ಪೂರ್ವಗ್ರಹ ಜಾಸ್ತಿಯಾಗಿತ್ತು. ಸುಮ್ನೆ ಚರ್ಮ ಬದಲಿಸಿದರೆ ಆಗುವುದಿಲ್ಲ. ಯಾವ ಜಾಗದಲ್ಲಿ, ಏನು ಮಾಡುತ್ತಾ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ರಸ್ತೆ ಗುಡಿಸುವ ಅಕ್ಕನ ಚಿತ್ರದಲ್ಲಿ ಏನಿದೆ?

ಗಾಂಧಿ ಬಜಾರ್ ಹತ್ತಿರದ ಒಂದು ಅಡ್ಡರಸ್ತೆ. ಫೆಬ್ರವರಿ ತಿಂಗಳು, ಮರಗಳು ಎಲೆ ಉದುರಿಸುವ ಕಾಲ. ಬೆಳಿಗ್ಗೆ ಆರೂವರೆ. ತಳ್ಳುಗಾಡಿಯ ಪಕ್ಕದಲ್ಲಿ ಅಕ್ಕನ ಎತ್ತರಕ್ಕೆ ಕ್ಯಾಮೆರಾ ಇಟ್ಟೆವು. ಅವರು ಗುಡಿಸುತ್ತಾರೆ. ಗುಡಿಸಿದ ಕಡೆ ಮತ್ತೆ ಎಲೆ ಬೀಳುತ್ತದೆ. ವಾಕಿಂಗ್ ಹೋಗುವವರು ಒಬ್ಬರ ಹಿಂದೆ ಒಬ್ಬರು ಹಾದುಹೋಗುತ್ತಾರೆ. ಒಬ್ಬರು ಗೇಟಿನ ಹೊರಗೆ ಕವರ್ ಇಟ್ಟು ಒಳಗೆ ಹೋಗುತ್ತಾರೆ. ಅದರಲ್ಲಿ ಹಸಿ ಕಸ, ಒಣ ಕಸ, ಒಡೆದ ಗಾಜು ಎಲ್ಲ ಒಟ್ಟಿಗೆ.

ಒಂದು ಶಾಲೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿ ಹೆಡ್‌ಸೆಟ್ ತೆಗೆದು, "ಆಂಟಿ, ಯಾರೂ ನನ್ನ ಮುಖ ನೋಡ್ಲೇ ಇಲ್ಲ" ಅಂದಳು. ನನ್ನ ಮುಖ ಅಂದಳು, ಅಕ್ಕನ ಮುಖ ಅನ್ನಲಿಲ್ಲ. ಈ ಯಂತ್ರಕ್ಕೆ ಇಷ್ಟು ಶಕ್ತಿ ಇರುವುದು ನಿಜ. ಅದೇ ಬೀದಿಯಲ್ಲಿ ಸಾವಿರ ಸಲ ಓಡಾಡಿದವರಿಗೂ ಅಲ್ಲಿ ನಿಂತಾಗ ಮಾತ್ರ ಇದು ಕಾಣುತ್ತದೆ.

ಆದರೆ ಚಿತ್ರ ಮುಗಿದ ಮೇಲೆ ಮೊದಲು ತೋರಿಸಿದ್ದು ಅಕ್ಕನಿಗೇ. ಯಾರೂ ನೋಡುವುದಿಲ್ಲ ಅನ್ನುವುದಕ್ಕೆ ಅವರು ಬೇಸರ ಪಡಲಿಲ್ಲ. ಅವರ ಬೇಸರ ಬೇರೆ. "ರಸ್ತೆ ಕ್ಲೀನ್ ಆಗಿದ್ದೇ ತೋರಿಸಿಲ್ವಲ್ಲಮ್ಮ. ಬರೀ ಕಸ ತೋರಿಸಿದ್ದೀರ. ನನ್ನ ಕೆಲಸ ಎಲ್ಲಿ?" ಎಂದು ಕೇಳಿದರು. ನಾವು ಐದು ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಅವರ ಕಷ್ಟ ತೋರಿಸುವ ಆತುರದಲ್ಲಿ ಅವರ ಹೆಮ್ಮೆಯನ್ನು ಬಿಟ್ಟುಬಿಟ್ಟಿದ್ದೆವು. ಮತ್ತೆ ಹೋಗಿ ಕೊನೆಯ ದೃಶ್ಯ ತೆಗೆದೆವು. ಎಂಟು ಗಂಟೆ, ಬಿಸಿಲು ಬಂದಿದೆ, ರಸ್ತೆ ಅಚ್ಚುಕಟ್ಟಾಗಿದೆ, ಅಕ್ಕ ಪೊರಕೆ ಒರಗಿಸಿ ನಿಂತಿದ್ದಾರೆ.

ಇಂಥದ್ದು ಚಿತ್ರ ನೋಡಿ ಗೊತ್ತಾಗುವುದಿಲ್ಲ. ಜಾಗ ಹೇಗಿದೆ ಅನ್ನುವುದನ್ನು ಹೆಡ್‌ಸೆಟ್ ತೋರಿಸುತ್ತದೆ. ಮನಸ್ಸಿನಲ್ಲಿ ಏನಿದೆ ಅನ್ನುವುದನ್ನು ಅವರೇ ಹೇಳಬೇಕು. ಆಮೇಲಿನ ಅರ್ಧ ಗಂಟೆ ಅದಕ್ಕಾಗಿ. ಅಷ್ಟು ಸಮಯ ಇಲ್ಲ, ಬರೀ ಚಿತ್ರ ತೋರಿಸಿ ಹೋಗಿ ಅನ್ನುವವರಿಗೆ ನಾವು ಬರುವುದಿಲ್ಲ ಎಂದು ಹೇಳುತ್ತೇವೆ.

ಕಣ್ಣು ಕಾಣದವರ ಅನುಭವ, ಕಾಲಿಲ್ಲದವರ ಅನುಭವ ತೋರಿಸಿ ಎಂದರೆ ತೋರಿಸುತ್ತೀರಾ?

ಇಲ್ಲ. ಆಫೀಸುಗಳಿಂದ ಜಾಸ್ತಿ ಬರುವ ಬೇಡಿಕೆ ಇದೇ. ಕತ್ತಲೆ ಮಾಡಿ, ಹತ್ತು ನಿಮಿಷ ತಡವರಿಸಲಿ, ಆಗ ಗೊತ್ತಾಗುತ್ತದೆ ಅನ್ನುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಹತ್ತು ನಿಮಿಷದಲ್ಲಿ ನಿಮಗೆ ತಿಳಿಯುವುದು ಕಣ್ಣು ಹೋದ ಮೊದಲ ಹತ್ತು ನಿಮಿಷದ ಗಾಬರಿ ಮಾತ್ರ. ಇಪ್ಪತ್ತು ವರ್ಷ ಕೋಲು ಹಿಡಿದು ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸುವವರ ಕೌಶಲ ಅದರಲ್ಲಿ ಎಲ್ಲಿದೆ? ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿದ್ದಾರೆ. ಕಣ್ಣಿಗೆ ಪಟ್ಟಿ ಕಟ್ಟಿ ನೋಡಿದವರು, ಆಮೇಲೆ ಕುರುಡರು ಕೆಲಸ ಮಾಡಲಾರರು, ಸ್ವತಂತ್ರವಾಗಿ ಬದುಕಲಾರರು ಎಂದು ಮೊದಲಿಗಿಂತ ಜಾಸ್ತಿ ಅಂದುಕೊಂಡರು. ಅಯ್ಯೋ ಪಾಪ ಅನ್ನುವವರು ಕೆಲಸ ಕೊಡುವುದಿಲ್ಲ, ಅಲ್ವಾ?

ನಮ್ಮ ವೀಲ್‌ಚೇರ್ ಚಿತ್ರ ದೇಹದ ಬಗ್ಗೆ ಅಲ್ಲ, ರಸ್ತೆಯ ಬಗ್ಗೆ. ಚರಂಡಿಯ ಮೇಲಿನ ಚಪ್ಪಡಿ ಎದ್ದಿದೆ. ಫುಟ್‌ಪಾತ್ ನಡುವೆ ಟ್ರಾನ್ಸ್‌ಫಾರ್ಮರ್. ಅದನ್ನು ದಾಟಿದರೆ ಸಾಲಾಗಿ ನಿಂತ ಸ್ಕೂಟರ್‌ಗಳು. ಮೊದಲ ಸಲ ನಾವು ನಿಂತವರ ಎತ್ತರಕ್ಕೆ ಕ್ಯಾಮೆರಾ ಇಟ್ಟು ತೆಗೆದಿದ್ದೆವು. ಆ ಹುಡುಗ ನೋಡಿ, "ಇದು ನಿಮ್ಮ ರಸ್ತೆ ಅಕ್ಕ, ನನ್ನದಲ್ಲ" ಅಂದ. ನಾಲ್ಕು ಅಡಿ ಎತ್ತರಕ್ಕೆ ಇಳಿಸಿದಾಗ ಎಲ್ಲ ಬದಲಾಯಿತು. ಸ್ಕೂಟರ್‌ಗಳು ಗೋಡೆಯ ಹಾಗೆ ಕಂಡವು. ಬಸ್ಸುಗಳ ಸೈಲೆನ್ಸರ್ ಹೊಗೆ ನೇರ ಮುಖಕ್ಕೆ ಬರುವಂತೆ ಕಂಡಿತು.

ಕಷ್ಟದಲ್ಲಿ ಇರುವವರನ್ನು ಪ್ರದರ್ಶನಕ್ಕೆ ಇಟ್ಟ ಹಾಗೆ ಆಗುವುದಿಲ್ಲವಾ?

ಆಗಬಹುದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವ ಹಾಗೆ. 2017ರಲ್ಲಿ ಚಂಡಮಾರುತ ಬಂದು ಪೋರ್ಟೊ ರಿಕೊ ದ್ವೀಪ ಮುಳುಗಿದ್ದಾಗ ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ವಿಆರ್ ಮೂಲಕ ಅಲ್ಲಿಗೆ ಹೋದ ಹಾಗೆ ತೋರಿಸಿಕೊಂಡರು. ಪ್ರವಾಹದ ದೃಶ್ಯದ ಮುಂದೆ ಅವರ ಕಾರ್ಟೂನ್ ರೂಪ ಇತ್ತು. ಜನ ಸಿಟ್ಟಾದರು, ಅವರು ಕ್ಷಮೆ ಕೇಳಿದರು.

ನಾವು ಕೆಲವು ಕಟ್ಟುಪಾಡು ಇಟ್ಟುಕೊಂಡಿದ್ದೇವೆ. ಚಿತ್ರದಲ್ಲಿ ಇರುವವರು ಮೊದಲು ನೋಡಬೇಕು. ಅವರು ಬೇಡ ಅಂದ ದೃಶ್ಯ ತೆಗೆಯಬೇಕು. ನಾಳೆ ಮನಸ್ಸು ಬದಲಾಗಿ ಇಡೀ ಚಿತ್ರವೇ ಬೇಡ ಅಂದರೂ ನಿಲ್ಲಿಸಬೇಕು. ಅದಕ್ಕೇ ನಾವು ಚಿತ್ರವನ್ನು ಎಲ್ಲೂ ಅಪ್‌ಲೋಡ್ ಮಾಡಿಲ್ಲ. ಒಮ್ಮೆ ಹರಿದುಹೋದದ್ದನ್ನು ವಾಪಸ್ ತರಲು ಆಗುವುದಿಲ್ಲ. ಅವರು ನಮ್ಮ ಜೊತೆ ಬಂದ ದಿನಕ್ಕೆ ಸಂಭಾವನೆ ಕೊಡುತ್ತೇವೆ. ಅದು ದಾನವಲ್ಲ, ಅವರ ಸಮಯದ ಬೆಲೆ. 360 ಕ್ಯಾಮೆರಾ ಸುತ್ತಲಿನದೆಲ್ಲವನ್ನೂ ಹಿಡಿಯುತ್ತದೆ. ಹಾಗಾಗಿ ಬೀದಿಯ ಮನೆಯವರಿಗೂ ಮೊದಲೇ ಹೇಳಿದ್ದೆವು, ದಾರಿಹೋಕರ ಮುಖ ಮಸುಕು ಮಾಡಿದೆವು.

ಇದರಿಂದ ಅವರ ಬದುಕು ಬದಲಾಗಿದೆಯಾ?

ನಮ್ಮ ಚಿತ್ರದಿಂದ ಯಾರ ಸಂಬಳವೂ ಏರಿಲ್ಲ. ಬೆಂಗಳೂರಿನ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಎಂದು 2022ರ ಜುಲೈನಲ್ಲಿ ಮುಷ್ಕರ ಮಾಡಿದರು. ವರ್ಷಗಟ್ಟಲೆ ಕೇಳಿದರು. 2025ರ ಮೇ ತಿಂಗಳಲ್ಲಿ 12 ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಅದು ಬೀದಿಗಿಳಿದು ಕೇಳಿದ್ದಕ್ಕೆ ಸಿಕ್ಕಿದ್ದು, ಯಾರದೋ ಕನಿಕರದಿಂದ ಅಲ್ಲ. ನಮ್ಮ ಕೆಲಸ ಚಿಕ್ಕದು. ಒಂದು ಅಪಾರ್ಟ್‌ಮೆಂಟಿನಲ್ಲಿ ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆ ಇಡುವುದನ್ನು ಶುರು ಮಾಡಿದ್ದಾರೆ. ಅಕ್ಕ ತಮ್ಮ ಅಂಗೈಯ ಗಾಯದ ಗುರುತು ತೋರಿಸಿದ ಮೇಲೆ ಆದದ್ದು ಇದು.

ಹೆಡ್‌ಸೆಟ್ ಯಾಕೆ? ನೇರವಾಗಿ ಹೋಗಿ ಮಾತಾಡಿಸಬಹುದಲ್ವಾ?

ಖಂಡಿತ ಮಾತಾಡಿಸಿ. ಅದಕ್ಕಿಂತ ದೊಡ್ಡದು ಇಲ್ಲ. ನಿಮ್ಮ ಬೀದಿ ಗುಡಿಸುವವರ ಹೆಸರು ನಿಮಗೆ ಗೊತ್ತಿದ್ದರೆ ನಮ್ಮನ್ನು ಕರೆಯುವ ಅಗತ್ಯವೇ ಇಲ್ಲ.

ತಲೆ ಸುತ್ತುತ್ತದಾ? ಮಕ್ಕಳು ನೋಡಬಹುದಾ?

ಕೆಲವರಿಗೆ ಸುತ್ತುತ್ತದೆ. ಕಣ್ಣು ಚಲಿಸುತ್ತಿದ್ದೇನೆ ಅನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಕುಳಿತಿದ್ದೇನೆ ಅನ್ನುತ್ತದೆ. ಎರಡಕ್ಕೂ ತಾಳೆಯಾಗದೆ ವಾಕರಿಕೆ ಬರುತ್ತದೆ. ಅದಕ್ಕೇ ನಮ್ಮ ಚಿತ್ರಗಳಲ್ಲಿ ಕ್ಯಾಮೆರಾ ಚಲಿಸುವುದಿಲ್ಲ. ವೀಲ್‌ಚೇರ್ ಚಿತ್ರವನ್ನೂ ನಿಲ್ಲಿಸಿ ನಿಲ್ಲಿಸಿ ತೆಗೆದೆವು: ಮನೆಯ ಗೇಟು, ಚಪ್ಪಡಿ, ಟ್ರಾನ್ಸ್‌ಫಾರ್ಮರ್, ಬಸ್ ಸ್ಟಾಪ್. ತಿರುಗುವ ಸ್ಟೂಲ್ ಮೇಲೆ ಕೂರಿಸಿ ತೋರಿಸುತ್ತೇವೆ. ಮೂರ್ಛೆ ರೋಗ ಇರುವವರಿಗೆ ಬೇಡ. ನಾವು 13 ವರ್ಷ ದಾಟಿದವರಿಗೆ ಮಾತ್ರ ತೋರಿಸುತ್ತೇವೆ. ಕನ್ನಡಕ ಇದ್ದರೂ ಪರವಾಗಿಲ್ಲ. ಹೂ ಮುಡಿದಿದ್ದರೆ ಪಟ್ಟಿಗೆ ಸಿಕ್ಕಿ ನಲುಗುತ್ತದೆ, ಸ್ವಲ್ಪ ಕೆಳಗೆ ಜಾರಿಸಿಕೊಳ್ಳಿ. ಒಬ್ಬರಿಂದ ಒಬ್ಬರಿಗೆ ಕೊಡುವಾಗ ಒರೆಸಿ ಕೊಡುತ್ತೇವೆ.

ಚಿತ್ರ ಇಂಗ್ಲಿಷಿನಲ್ಲಿ ಇದೆಯಾ?

ಇಲ್ಲ. ಅಕ್ಕ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಮಾತಾಡುತ್ತಾರೆ. ಅವರ ದನಿಯೇ ಇರಬೇಕು ಎಂದು ಡಬ್ ಮಾಡಿಲ್ಲ. ಸುತ್ತಲೂ ನೋಡುವ ಚಿತ್ರದಲ್ಲಿ ಸಬ್‌ಟೈಟಲ್ ಎಲ್ಲಿ ಹಾಕಿದರೂ ಕಣ್ಣು ಅಲ್ಲೇ ಅಂಟಿಕೊಳ್ಳುತ್ತದೆ. ಕನ್ನಡ ಬಾರದವರಿಗೆ ಮೊದಲೇ ಕೂರಿಸಿ ಹೇಳುತ್ತೇವೆ.

ನಮ್ಮಲ್ಲಿಗೆ ಕರೆಯಬೇಕಾದರೆ ಏನು ಸಿದ್ಧ ಮಾಡಿಕೊಳ್ಳಬೇಕು?

ಮೂವತ್ತು ಜನರಿಗಿಂತ ಜಾಸ್ತಿ ಬೇಡ. ಮೂರೇ ಹೆಡ್‌ಸೆಟ್ ಇವೆ, ಒಂದೂವರೆ ಗಂಟೆ ಚಿತ್ರಕ್ಕೇ ಬೇಕು. ಹಾಲ್ ಮೇಲಿನ ಮಹಡಿಯಲ್ಲಿದ್ದರೆ ಲಿಫ್ಟ್ ಇರಬೇಕು. ನಾಲ್ಕು ಜನ ಸೇರಿ ಎತ್ತಿಕೊಂಡು ಹೋಗುತ್ತೇವೆ ಅನ್ನಬೇಡಿ. ಆ ಹುಡುಗನಿಗೆ ಅದು ಇಷ್ಟವಿಲ್ಲ. ಅಕ್ಕ ಬರುವ ದಿನ ಮಧ್ಯಾಹ್ನ ನಾಲ್ಕರ ನಂತರ ಇಟ್ಟುಕೊಳ್ಳಿ. ಅವರು ಸ್ವಲ್ಪ ಹೊತ್ತು ಮಲಗಿ ಎದ್ದು ಬರಲಿ. ಅವರಿಗೂ ಎಲ್ಲರ ಸಾಲಿನಲ್ಲೇ ಕುರ್ಚಿ ಹಾಕಿ. ಕಾಫಿ ಕೊಡುವುದಾದರೆ ಎಲ್ಲರಿಗೂ ಕೊಡುವ ಲೋಟದಲ್ಲೇ ಕೊಡಿ. ಒಂದು ಕಡೆ ಎಲ್ಲರಿಗೂ ಸ್ಟೀಲ್ ಲೋಟ, ಅವರಿಗೆ ಮಾತ್ರ ಪೇಪರ್ ಕಪ್ ಬಂತು. ಅಲ್ಲಿಂದೀಚೆಗೆ ಇದನ್ನು ಮೊದಲೇ ಬರೆದು ಕಳಿಸುತ್ತಿದ್ದೇವೆ.